ಕಾಣದ ಮೀನಿನ ಎಣಿಕೆ: ಕರಾವಳಿಯ ತೊರಕೆಯಿಂದ ಮರೋಳದ ಕೃಷಿ ಹೊಂಡದವರೆಗೆ

ಕೃಷಿ ಹೊಂಡದಲ್ಲಿ ಮೀನು ಸಾಕುವ ರೈತರನ್ನು 'ಹೊಂಡದಲ್ಲಿ ಈಗ ಎಷ್ಟು ಮೀನುಗಳಿವೆ?' ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಮರಿ ಬಿಟ್ಟ ದಿನದ ಸಂಖ್ಯೆ. ನಾಲ್ಕು ನೂರು ಮರಿ ಬಿಟ್ಟವರು ಆರು ತಿಂಗಳ ನಂತರವೂ ನಾಲ್ಕು ನೂರು ಎಂದೇ ಹೇಳುತ್ತಾರೆ, ಅಷ್ಟಕ್ಕೇ ಆಹಾರವನ್ನೂ ಹಾಕುತ್ತಾರೆ. ಸಾಗಣೆಯ ಆಯಾಸದಿಂದ ಮೊದಲ ವಾರದಲ್ಲೇ ಸತ್ತ ಮರಿಗಳು, ಮಿಂಚುಳ್ಳಿ ಮತ್ತು ನೀರುಕಾಗೆಗಳಿಗೆ ಆಹಾರವಾದವು, ಮಳೆಯ ಕೋಡಿಯಲ್ಲಿ ಹೊರಗೆ ಹೋದವು ಯಾವುವೂ ಈ ಲೆಕ್ಕದಲ್ಲಿ ಕಳೆಯುವುದಿಲ್ಲ. ಹೊಲದ ಬೆಳೆಯನ್ನು ಬದುವಿನ ಮೇಲೆ ನಿಂತು ಅಂದಾಜು ಮಾಡಬಹುದು. ನೀರಿನೊಳಗಿನ ಬೆಳೆ ಕಣ್ಣಿಗೆ ಕಾಣುವುದಿಲ್ಲ.

ಹುನಗುಂದ ಭಾಗದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಹನಿ ನೀರಾವರಿಯ ಮೂಲಕ 24,000 ಹೆಕ್ಟೇರ್ ಪ್ರದೇಶಕ್ಕೆ ಒದಗಿಸಲು ರೂಪಿಸಿದ ರಾಮಥಾಳ (ಮರೋಳ) ಏತ ನೀರಾವರಿ ಯೋಜನೆಯ ಎರಡನೆಯ ಹಂತ ಈ ಎರೆ ಭೂಮಿಯ ರೈತರಿಗೆ ನೀರನ್ನು ಅಳೆದು ಬಳಸುವ ವಿಧಾನವನ್ನು ಪರಿಚಯಿಸಿದೆ. ನೀರನ್ನು ಅಳೆಯಲು ಕಲಿತವರು ನೀರಿನೊಳಗಿನ ಮೀನನ್ನು ಅಂದಾಜಿಗೆ ಬಿಡುವುದು ಸರಿಯಲ್ಲ. ಕಾಣದ ಮೀನಿನ ಸಂಖ್ಯೆ ಮತ್ತು ಸಂಚಾರವನ್ನು ತಿಳಿಯುವ ವಿಧಾನಗಳನ್ನು, ಅವು ಅತ್ಯಂತ ಕಠಿಣವಾಗುವ ಕರಾವಳಿಯಿಂದ ಆರಂಭಿಸಿ ಅತ್ಯಂತ ಸುಲಭವಾಗುವ ಕೃಷಿ ಹೊಂಡದವರೆಗೆ, ಈ ಲೇಖನದಲ್ಲಿ ವಿವರಿಸಲಾಗಿದೆ.

ಮೋಹಕ ಬಲೆಯ ಪಾಠ

ಹತ್ತಿ ಬೆಳೆಯುವ ರೈತ ಬಾಂಧವರಿಗೆ ಮೋಹಕ ಬಲೆ ಪರಿಚಿತವಾದದ್ದು. ಹೊಲದಲ್ಲಿರುವ ಗುಲಾಬಿ ಕಾಯಿಕೊರಕದ ಪತಂಗಗಳನ್ನೆಲ್ಲ ಯಾರೂ ಎಣಿಸಲಾರರು. ಆದರೆ ಒಂದು ಬಲೆಗೆ ಒಂದು ರಾತ್ರಿಯಲ್ಲಿ ಎಂಟು ಪತಂಗಗಳಂತೆ ಸತತ ಮೂರು ರಾತ್ರಿ ಬಿದ್ದರೆ ಹತೋಟಿ ಕ್ರಮ ಕೈಗೊಳ್ಳಬೇಕೆಂದು ಶಿಫಾರಸು ಮಾಡಲಾಗಿದೆ. ಇಲ್ಲಿ ಮುಖ್ಯವಾದದ್ದು ಒಟ್ಟು ಸಂಖ್ಯೆಯಲ್ಲ, 'ಒಂದು ಬಲೆಗೆ, ಒಂದು ರಾತ್ರಿಗೆ' ಎಂಬ ಅಳತೆ. ಐದು ಬಲೆ ಇಟ್ಟವರಿಗೆ ನಲವತ್ತು ಪತಂಗ ಬಿದ್ದರೆ ಮತ್ತು ಇಪ್ಪತ್ತು ಬಲೆ ಇಟ್ಟವರಿಗೂ ನಲವತ್ತೇ ಬಿದ್ದರೆ, ಇಬ್ಬರ ಹೊಲದ ಸ್ಥಿತಿ ಒಂದೇ ಅಲ್ಲ.

ಮೀನಿನ ಲೆಕ್ಕಕ್ಕೂ ಇದೇ ತತ್ವ ಅನ್ವಯಿಸುತ್ತದೆ. ಎಷ್ಟು ಮೀನು ಸಿಕ್ಕಿತು ಎಂಬುದರ ಜೊತೆಗೆ ಎಷ್ಟು ಪ್ರಯತ್ನಕ್ಕೆ ಸಿಕ್ಕಿತು ಎಂಬುದನ್ನೂ ಬರೆದಿಡಬೇಕು. ಆದರೆ ಮೀನಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಬಲೆಗೆ ಮೀನು ಕಡಿಮೆ ಬಿದ್ದರೆ ಅದು ನಿಜವಾಗಿ ಕಡಿಮೆಯಾಗಿದೆಯೋ ಅಥವಾ ಬೇರೆಡೆಗೆ ಹೋಗಿದೆಯೋ? ಸಂಚಾರವನ್ನು ತಿಳಿಯದೆ ಸಂಖ್ಯೆಯನ್ನು ಹೇಳಲು ಸಾಧ್ಯವಿಲ್ಲ. ಇದಕ್ಕೆ ಕರಾವಳಿಯ ತೊರಕೆ ಒಳ್ಳೆಯ ಉದಾಹರಣೆ.

ಕರಾವಳಿಯ ತೊರಕೆ

ತೊರಕೆ ಚಪ್ಪಟೆಯಾದ, ಅಗಲವಾದ ರೆಕ್ಕೆಗಳುಳ್ಳ, ಹೆಚ್ಚಾಗಿ ಸಮುದ್ರದ ತಳದಲ್ಲಿ ವಾಸಿಸುವ ಮೀನು. ಇದರ ಶರೀರದಲ್ಲಿ ಗಟ್ಟಿ ಮೂಳೆಯ ಬದಲು ಮೃದ್ವಸ್ಥಿ ಇರುತ್ತದೆ. ಶಾರ್ಕ್‌ಗಳು ಇದರ ಹತ್ತಿರದ ಬಂಧುಗಳು. ಬಾಲದಲ್ಲಿ ಮುಳ್ಳುಳ್ಳ ತೊರಕೆಗಳು ಮೊಟ್ಟೆ ಇಡುವುದಿಲ್ಲ, ಒಮ್ಮೆಗೆ ಕೆಲವೇ ಮರಿಗಳನ್ನು ಹಾಕುತ್ತವೆ. ದೈತ್ಯ ತೊರಕೆಯಾದ ಮಾಂಟಾ ಸಾಮಾನ್ಯವಾಗಿ ಒಮ್ಮೆಗೆ ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ಹಲವು ವರ್ಷಗಳು ಹಿಡಿಯುತ್ತವೆ. ನಮ್ಮ ಹೊಂಡದ ರೋಹು ಮೀನು ಒಂದೇ ಹಂಗಾಮಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇಡುವುದನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಒಮ್ಮೆ ಕಡಿಮೆಯಾದ ತೊರಕೆ ಮತ್ತೆ ಹೆಚ್ಚಲು ದಶಕಗಳೇ ಬೇಕಾಗಬಹುದು. ಆದ್ದರಿಂದ ಅದರ ಇಳಿಕೆಯನ್ನು ಆರಂಭದಲ್ಲೇ ಗುರುತಿಸುವುದು ಅಗತ್ಯ.

ಕರ್ನಾಟಕದ ಕರಾವಳಿಯಲ್ಲಿ ಮಂಗಳೂರು, ಮಲ್ಪೆ, ಕಾರವಾರ ಮೊದಲಾದ ಬಂದರುಗಳಿಗೆ ತೊರಕೆ ಮುಖ್ಯವಾಗಿ ಟ್ರಾಲ್ ದೋಣಿಗಳ ಮೂಲಕ ಬರುತ್ತದೆ. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ದೇಶದ ಕರಾವಳಿಯ ಮೀನಿನ ಲೆಕ್ಕವನ್ನು ಮಾದರಿ ವಿಧಾನದಿಂದ ಇಡುತ್ತದೆ. ಎಲ್ಲ ಬಂದರುಗಳಲ್ಲಿ ಎಲ್ಲ ದಿನವೂ ಎಲ್ಲ ದೋಣಿಗಳನ್ನು ಎಣಿಸುವುದಿಲ್ಲ. ಬಂದರುಗಳನ್ನು ವಿಂಗಡಿಸಿ, ಆಯ್ದ ದಿನಗಳಂದು ಆಯ್ದ ದೋಣಿಗಳ ಮೀನನ್ನು ಜಾತಿವಾರು ತೂಗಿ, ಅದರಿಂದ ಒಟ್ಟು ಪ್ರಮಾಣವನ್ನು ಅಂದಾಜಿಸಲಾಗುತ್ತದೆ. ಬೆಳೆ ಕಟಾವು ಪ್ರಯೋಗದಲ್ಲಿ ಆಯ್ದ ಹೊಲದ ಆಯ್ದ ಚೌಕದಿಂದ ಇಡೀ ಹೋಬಳಿಯ ಇಳುವರಿಯನ್ನು ಅಂದಾಜಿಸುವಂತೆಯೇ ಇದು.

ಆದರೆ ಬಂದರಿಗೆ ಬಂದ ಒಟ್ಟು ತೂಕ ಒಂದನ್ನೇ ನೋಡಿದರೆ ಮೋಸ ಹೋಗುವ ಸಾಧ್ಯತೆಯಿದೆ. ಹಿಂದೆ ದಡದ ಸಮೀಪದಲ್ಲಿ ಒಂದು ದಿನ ಮೀನು ಹಿಡಿದು ಮರಳುತ್ತಿದ್ದ ದೋಣಿಗಳ ಸ್ಥಾನದಲ್ಲಿ ಇಂದು ಹಲವು ದಿನಗಳ ಕಾಲ ದೂರದ ಆಳದ ನೀರಿಗೆ ಹೋಗುವ ದೋಣಿಗಳಿವೆ. ದಡದ ಬಳಿ ತೊರಕೆ ಕಡಿಮೆಯಾಗಿದ್ದರೂ ದೂರದಿಂದ ತಂದದ್ದು ಸೇರಿ ಒಟ್ಟು ತೂಕ ಮೊದಲಿನಂತೆಯೇ ಕಾಣಬಹುದು. ಆದ್ದರಿಂದ ತೂಕವನ್ನು ಬಲೆ ಎಳೆದ ಗಂಟೆಗಳಿಂದ ಭಾಗಿಸಿ, ಹಿಡಿದ ಸ್ಥಳವನ್ನೂ ದಾಖಲಿಸಬೇಕಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಅವಧಿಯಲ್ಲಿ ತೊರಕೆ ಬಂದರಿಗೆ ಬಾರದಿರುವುದು ಸಮುದ್ರದಲ್ಲಿ ಇಲ್ಲವೆಂಬುದರ ಲಕ್ಷಣವಲ್ಲ.

ಸಂಚಾರವನ್ನು ತಿಳಿಯಲು ಜಗತ್ತಿನ ವಿವಿಧೆಡೆ ಹಲವು ವಿಧಾನಗಳನ್ನು ಬಳಸಲಾಗುತ್ತಿದೆ. ತೊರಕೆಗೆ ಧ್ವನಿ ಹೊರಡಿಸುವ ಚಿಕ್ಕ ಸಾಧನವನ್ನು ಅಳವಡಿಸಿ, ಸಮುದ್ರದ ತಳದಲ್ಲಿ ಇರಿಸಿದ ಗ್ರಾಹಕ ಯಂತ್ರಗಳ ಬಳಿ ಅದು ಹಾದುಹೋದ ದಿನ ಮತ್ತು ಗಂಟೆಯನ್ನು ದಾಖಲಿಸಲಾಗುತ್ತದೆ. ದೊಡ್ಡ ತೊರಕೆಗಳಿಗೆ ನಿಗದಿತ ಕಾಲದ ನಂತರ ಕಳಚಿ ಮೇಲೆ ತೇಲಿ ಉಪಗ್ರಹಕ್ಕೆ ಮಾಹಿತಿ ಕಳುಹಿಸುವ ಸಾಧನಗಳನ್ನು ಕಟ್ಟಲಾಗುತ್ತದೆ. ಮಾಂಟಾದ ಹೊಟ್ಟೆಯ ಮೇಲಿನ ಕಲೆಗಳು ಮನುಷ್ಯರ ಹೆಬ್ಬೆಟ್ಟಿನ ಗುರುತಿನಂತೆ ಪ್ರತಿಯೊಂದಕ್ಕೂ ಬೇರೆಯಾಗಿರುವುದರಿಂದ, ಛಾಯಾಚಿತ್ರದಿಂದಲೇ ಒಂದೊಂದನ್ನು ಗುರುತಿಸಬಹುದು.

2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಪ್ರಮಾಣ 1970ರಿಂದೀಚೆಗೆ ಶೇ 71ರಷ್ಟು ಕುಸಿದಿದೆ ಎಂದು ತಿಳಿಸಿತು. ತೊರಕೆಯ ಗುಂಪಿಗೇ ಸೇರಿದ ಗರಗಸ ಮೀನನ್ನು ನಮ್ಮ ದೇಶದಲ್ಲಿ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿ ರಕ್ಷಣೆ ನೀಡಲಾಗಿದೆ.

ನಾರಾಯಣಪುರ ಹಿನ್ನೀರಿನಲ್ಲಿ ಇದೇ ಲೆಕ್ಕ

ಸಮುದ್ರದಿಂದ ನಮ್ಮ ಜಲಾಶಯಕ್ಕೆ ಬರೋಣ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟಿನ ಬಸವಸಾಗರ ಜಲಾಶಯದ ಹಿನ್ನೀರು ಕೃಷ್ಣೆ ಮತ್ತು ಮಲಪ್ರಭೆ ಸೇರುವ ಕೂಡಲಸಂಗಮದವರೆಗೆ ಹರಡಿದೆ. ಇಲ್ಲಿ ತೊರಕೆಯಿಲ್ಲ, ಆದರೆ ತೊರಕೆಯ ಲೆಕ್ಕದಲ್ಲಿ ಕಂಡ ಎರಡು ತೊಡಕುಗಳೂ ಇಲ್ಲಿವೆ.

ಮೊದಲನೆಯದು ಪ್ರಯತ್ನದ ಲೆಕ್ಕ. ಉದಾಹರಣೆಗೆ, ಒಂದು ಕುಟುಂಬ ರಾತ್ರಿ ಹತ್ತು ಬಲೆ ಬಿಟ್ಟು ಬೆಳಿಗ್ಗೆ 20 ಕೆ.ಜಿ. ಮೀನು ಹಿಡಿಯುತ್ತಿತ್ತು ಎಂದು ಭಾವಿಸೋಣ. ಐದು ವರ್ಷಗಳ ನಂತರ ಅದೇ ಕುಟುಂಬ ಇಪ್ಪತ್ತು ಬಲೆ ಬಿಟ್ಟು 24 ಕೆ.ಜಿ. ಹಿಡಿಯುತ್ತದೆ. ಮಾರುಕಟ್ಟೆಯಲ್ಲಿ ಮೀನು ಹೆಚ್ಚಾದಂತೆ ಕಾಣುತ್ತದೆ. ಆದರೆ ಒಂದು ಬಲೆಗೆ 2 ಕೆ.ಜಿ. ಬೀಳುತ್ತಿದ್ದುದು 1.2 ಕೆ.ಜಿ.ಗೆ ಇಳಿದಿದೆ, ಅಂದರೆ ಶೇ 40ರಷ್ಟು ಕಡಿಮೆಯಾಗಿದೆ. ಒಟ್ಟು ತೂಕ ನೋಡಿದವರಿಗೆ ಈ ಇಳಿಕೆ ತಿಳಿಯುವುದೇ ಇಲ್ಲ.

ಎರಡನೆಯದು ನೀರಿನ ಮಟ್ಟ ಮತ್ತು ಮೀನಿನ ಸಂಚಾರ. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ಮೀನುಗಳು ಉಳಿದ ಕಡಿಮೆ ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತವೆ. ಆಗ ಬಲೆಗೆ ಹೆಚ್ಚು ಬೀಳುತ್ತದೆ, ಆದರೆ ಮೀನು ಹೆಚ್ಚಾಗಿರುವುದಿಲ್ಲ. ಮುಂಗಾರಿನಲ್ಲಿ ನೀರು ಹರಡಿದಾಗ ಬಲೆಗೆ ಕಡಿಮೆ ಬೀಳುತ್ತದೆ, ಆದರೆ ಮೀನು ಕಡಿಮೆಯಾಗಿರುವುದಿಲ್ಲ. ಹೊಸ ನೀರು ಬಂದಾಗ ಕಾಟ್ಲಾ, ರೋಹು, ಮೃಗಾಲ್ ಮೊದಲಾದ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ಇಡಲು ಹರಿವಿಗೆ ಎದುರಾಗಿ ನದಿ ಹಾಗೂ ಹಳ್ಳಗಳ ಕಡೆಗೆ ಸಾಗುತ್ತವೆ. ಹಳ್ಳ ಜಲಾಶಯವನ್ನು ಸೇರುವ ಬಾಯಿಯಲ್ಲಿ ಆಗ ಮೀನು ಸಮೃದ್ಧವಾಗಿ ಕಾಣುತ್ತದೆ. ಅದು ಮುಂದಿನ ವರ್ಷಗಳ ಬೀಜ. ಅಲ್ಲಿ ಅಡ್ಡಬಲೆ ಕಟ್ಟಿ ಹೊಟ್ಟೆ ತುಂಬಿದ ಮೀನುಗಳನ್ನು ಹಿಡಿಯುವುದೆಂದರೆ ಬಿತ್ತನೆಗೆ ಇಟ್ಟ ಜೋಳವನ್ನು ಬೀಸಿ ಉಣ್ಣುವಂತೆ.

ಆದ್ದರಿಂದ ಹೋಲಿಕೆ ಮಾಡುವಾಗ ಈ ವರ್ಷದ ಏಪ್ರಿಲ್ ತಿಂಗಳನ್ನು ಕಳೆದ ವರ್ಷದ ಏಪ್ರಿಲ್ ಜೊತೆಗೇ ಹೋಲಿಸಬೇಕು. ಸ್ಥಳ, ಬಲೆಯ ಕಣ್ಣಿನ ಅಳತೆ ಮತ್ತು ಬಲೆ ನೀರಿನಲ್ಲಿದ್ದ ಅವಧಿಯೂ ಒಂದೇ ಆಗಿರಬೇಕು. ನೀರಿನ ಮಟ್ಟವನ್ನು ಪಕ್ಕದಲ್ಲೇ ಬರೆದಿಡಬೇಕು.

ಕೃಷಿ ಹೊಂಡದಲ್ಲಿ: ಗುರುತು ಹಾಕಿ ಮರಳಿ ಹಿಡಿಯುವ ವಿಧಾನ

ಸಮುದ್ರ ಮತ್ತು ಜಲಾಶಯಗಳಲ್ಲಿ ಮೀನು ಬಂದು ಹೋಗುತ್ತಿರುತ್ತದೆ. ಕೃಷಿ ಹೊಂಡದಲ್ಲಿ ಕೋಡಿ ಹರಿಯದಿದ್ದರೆ ಹೊರಗೆ ಹೋಗಲು ದಾರಿಯಿಲ್ಲ. ಆದ್ದರಿಂದ ಇಲ್ಲಿ ಲೆಕ್ಕ ಸುಲಭ. ಡೆನ್ಮಾರ್ಕ್‌ನ ಮೀನು ವಿಜ್ಞಾನಿ ಪೀಟರ್ಸನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಪ್ಪಟೆ ಮೀನುಗಳಿಗೆ ಗುರುತು ಹಾಕಿ ಆರಂಭಿಸಿದ ವಿಧಾನವನ್ನು ರೈತರೇ ತಮ್ಮ ಹೊಂಡದಲ್ಲಿ ಅನುಸರಿಸಬಹುದು.

1. ಬೆಳಗಿನ ತಂಪು ಹೊತ್ತಿನಲ್ಲಿ ಎಳೆಬಲೆ ಅಥವಾ ಬೀಸುಬಲೆಯಿಂದ ಹೊಂಡದ ಎಲ್ಲ ಬದಿಗಳಿಂದ ಮೀನು ಹಿಡಿಯಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವಾದರೆ ಬಲೆಯ ಸೀಸದ ಗುಂಡುಗಳು ಹಾಳೆಯನ್ನು ಹರಿಯದಂತೆ ಎಚ್ಚರ ವಹಿಸಬೇಕು.

2. ಹಿಡಿದ ಮೀನುಗಳನ್ನು ಹೊಂಡದ ನೀರೇ ತುಂಬಿದ ದೊಡ್ಡ ಪಾತ್ರೆಯಲ್ಲಿ ಇಟ್ಟು, ಒದ್ದೆ ಕೈಯಿಂದ ಹಿಡಿದು, ಹೊಟ್ಟೆಯ ಭಾಗದ ಒಂದು ಕಡೆಯ ಈಜುರೆಕ್ಕೆಯ ತುದಿಯನ್ನು ಮಾತ್ರ ಶುಚಿಯಾದ ಕತ್ತರಿಯಿಂದ ಸ್ವಲ್ಪ ಕತ್ತರಿಸಬೇಕು. ಬುಡದವರೆಗೆ ಕತ್ತರಿಸಬಾರದು. ತುದಿ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ.

3. ಗುರುತು ಹಾಕಿದ ಮೀನುಗಳನ್ನು ಎಣಿಸಿ, ಸಂಖ್ಯೆ ಬರೆದುಕೊಂಡು, ಹೊಂಡದ ಬೇರೆ ಬೇರೆ ಕಡೆಗಳಲ್ಲಿ ಬಿಡಬೇಕು. ಬಳಲಿದ ಅಥವಾ ಗಾಯಗೊಂಡ ಮೀನನ್ನು ಲೆಕ್ಕದಿಂದ ಕೈಬಿಡಬೇಕು.

4. ಮೂರರಿಂದ ಐದು ದಿನ ಬಿಟ್ಟು, ಅವು ಉಳಿದ ಮೀನುಗಳೊಡನೆ ಬೆರೆತ ನಂತರ, ಮತ್ತೊಮ್ಮೆ ಎಲ್ಲ ಬದಿಗಳಿಂದ ಬಲೆ ಹಾಕಬೇಕು. ಒಟ್ಟು ಎಷ್ಟು ಸಿಕ್ಕವು, ಅವುಗಳಲ್ಲಿ ಗುರುತು ಇರುವವು ಎಷ್ಟು ಎಂದು ಬರೆದುಕೊಳ್ಳಬೇಕು. ಇದೇ ವೇಳೆ ಕೆಲವು ಮೀನುಗಳನ್ನು ತೂಗಿ ಸರಾಸರಿ ತೂಕವನ್ನೂ ತೆಗೆಯಬೇಕು.

5. ಮೊದಲ ಸಲ ಗುರುತು ಹಾಕಿದ ಸಂಖ್ಯೆಯನ್ನು ಎರಡನೆಯ ಸಲ ಸಿಕ್ಕ ಒಟ್ಟು ಸಂಖ್ಯೆಯಿಂದ ಗುಣಿಸಿ, ಗುರುತು ಇದ್ದವುಗಳ ಸಂಖ್ಯೆಯಿಂದ ಭಾಗಿಸಬೇಕು. ಬರುವ ಉತ್ತರವೇ ಹೊಂಡದಲ್ಲಿರುವ ಮೀನುಗಳ ಅಂದಾಜು.

ಉದಾಹರಣೆಗೆ, 21 ಮೀ. × 21 ಮೀ. ಅಳತೆಯ ಹೊಂಡಕ್ಕೆ 400 ಮರಿ ಬಿಡಲಾಗಿತ್ತು. ಆರು ತಿಂಗಳ ನಂತರ 60 ಮೀನುಗಳಿಗೆ ಗುರುತು ಹಾಕಲಾಯಿತು. ನಾಲ್ಕು ದಿನ ಬಿಟ್ಟು ಬಲೆ ಹಾಕಿದಾಗ 50 ಮೀನು ಸಿಕ್ಕವು, ಅವುಗಳಲ್ಲಿ 12ಕ್ಕೆ ಗುರುತು ಇತ್ತು. 60 × 50 = 3,000. ಇದನ್ನು 12ರಿಂದ ಭಾಗಿಸಿದರೆ 250. ಅಂದರೆ ಬಿಟ್ಟ ಮರಿಗಳಲ್ಲಿ ಸುಮಾರು 150 ಈಗ ಹೊಂಡದಲ್ಲಿ ಇಲ್ಲ.

ಲೆಕ್ಕದಿಂದ ಆಗುವ ಲಾಭ

ಮೇಲಿನ ಹೊಂಡದ ಮೀನಿನ ಸರಾಸರಿ ತೂಕ 300 ಗ್ರಾಂ ಎಂದಿಟ್ಟುಕೊಳ್ಳೋಣ. 250 ಮೀನುಗಳ ಒಟ್ಟು ತೂಕ 75 ಕೆ.ಜಿ. ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡಿನ ಮಿಶ್ರಣವನ್ನು ದಿನಕ್ಕೆ ಒಟ್ಟು ತೂಕದ ಶೇ 2ರಂತೆ ಕೊಟ್ಟರೆ 1.5 ಕೆ.ಜಿ. ಸಾಕು. ಆದರೆ 400 ಮೀನುಗಳಿವೆ ಎಂದು ತಿಳಿದ ರೈತರು 120 ಕೆ.ಜಿ. ತೂಕಕ್ಕೆ 2.4 ಕೆ.ಜಿ. ಹಾಕುತ್ತಾರೆ. ದಿನಕ್ಕೆ 900 ಗ್ರಾಂ, ತಿಂಗಳಿಗೆ 27 ಕೆ.ಜಿ. ಆಹಾರ ವ್ಯರ್ಥ.

ನಷ್ಟ ಇಲ್ಲಿಗೇ ನಿಲ್ಲುವುದಿಲ್ಲ. ಉಳಿದ ಆಹಾರ ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಮೋಡ ಕವಿದ ದಿನಗಳ ನಂತರ ನಸುಕಿನಲ್ಲಿ ಮೀನುಗಳು ನೀರಿನ ಮೇಲೆ ಬಾಯಿ ತೆರೆಯುತ್ತಿದ್ದರೆ ಅದು ಆಮ್ಲಜನಕದ ಕೊರತೆಯ ಸೂಚನೆ. ಆಗ ಆಹಾರ ನಿಲ್ಲಿಸಿ, ಪಂಪಿನಿಂದ ನೀರನ್ನು ಎತ್ತಿ ಮತ್ತೆ ಹೊಂಡಕ್ಕೇ ಚಿಮ್ಮಿಸಬೇಕು. ಕೊಳೆತ ಆಹಾರದಿಂದ ಪಾಚಿಯೂ ಹೆಚ್ಚುತ್ತದೆ. ಅದೇ ಹೊಂಡದಿಂದ ಹನಿ ನೀರಾವರಿಗೆ ನೀರು ಹರಿಸಿದರೆ ಪಾಚಿ ಶೋಧಕವನ್ನು ತುಂಬಿ, ಹನಿಕೆಗಳನ್ನು ಕಟ್ಟಿಕೊಳ್ಳುತ್ತದೆ. ಹೀಗೆ ಮೀನಿನ ತಪ್ಪು ಲೆಕ್ಕ ಕೊನೆಗೆ ತೊಗರಿ ಮತ್ತು ಮೆಣಸಿನಕಾಯಿಯ ಸಾಲಿನವರೆಗೂ ಮುಟ್ಟುತ್ತದೆ.

ಗಮನಿಸಬೇಕಾದ ಅಂಶಗಳು

• ಒಂದು ಸಲದ ಉತ್ತರವನ್ನು ನಿಖರ ಸಂಖ್ಯೆ ಎಂದು ತಿಳಿಯಬಾರದು. ಮೇಲಿನ ಉದಾಹರಣೆಯಲ್ಲಿ 12ರ ಬದಲು 10 ಗುರುತಿನ ಮೀನು ಸಿಕ್ಕಿದ್ದರೆ ಉತ್ತರ 300, 15 ಸಿಕ್ಕಿದ್ದರೆ 200. ಗುರುತಿನ ಮೀನು ತೀರಾ ಕಡಿಮೆ ಸಿಕ್ಕರೆ ಇನ್ನೊಮ್ಮೆ ಬಲೆ ಹಾಕಿ ನೋಡುವುದು ಸೂಕ್ತ.

• ಎರಡು ಸಲದ ನಡುವೆ ಕೋಡಿ ಹರಿದಿದ್ದರೆ, ಮೀನು ಮಾರಿದ್ದರೆ ಅಥವಾ ಹೊಸ ಮರಿ ಬಿಟ್ಟಿದ್ದರೆ ಲೆಕ್ಕ ಸರಿಬರುವುದಿಲ್ಲ. ಸಮುದ್ರದ ತೊರಕೆಯ ಲೆಕ್ಕ ಕಠಿಣವಾಗಲು ಕಾರಣವೂ ಇದೇ.

• ಕಾಟ್ಲಾ ನೀರಿನ ಮೇಲ್ಪದರದಲ್ಲಿಯೂ ರೋಹು ನಡುವಿನಲ್ಲಿಯೂ ಮೃಗಾಲ್ ತಳದಲ್ಲಿಯೂ ಇರುವುದರಿಂದ ಬಲೆಗೆ ಸಮನಾಗಿ ಬೀಳುವುದಿಲ್ಲ. ಸಾಧ್ಯವಾದರೆ ಪ್ರತಿ ಜಾತಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು.

• ಹೊಂಡಕ್ಕೆ ನೀರು ಬರುವ ಮತ್ತು ಕೋಡಿ ಹೋಗುವ ಬಾಯಿಗಳಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಇದರಿಂದ ಸಾಕಿದ ಮೀನು ಹೊರಹೋಗುವುದಿಲ್ಲ, ಹೊರಗಿನ ಜಿಲೇಬಿ ಮೀನು ಒಳಬರುವುದಿಲ್ಲ.

• ಕಡು ಬಿಸಿಲಿನಲ್ಲಿ ಅಥವಾ ಮೀನುಗಳು ಉಸಿರಿಗೆ ಮೇಲೆ ಬರುತ್ತಿರುವಾಗ ಈ ಕೆಲಸ ಮಾಡಬಾರದು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಕ್ಷೇತ್ರ ಭೇಟಿಯ ಸಮಯದಲ್ಲಿ ರೈತರಿಗೆ ಒಂದು ಸಾಮಾನ್ಯ ನೋಟುಪುಸ್ತಕದಲ್ಲಿ ಆರು ಕಲಮುಗಳನ್ನು ಹಾಕಿಸುವುದು ಉಪಯುಕ್ತ: ದಿನಾಂಕ, ಸ್ಥಳ, ಬಲೆಯ ಸಂಖ್ಯೆ ಮತ್ತು ಕಣ್ಣಿನ ಅಳತೆ, ಬಲೆ ನೀರಿನಲ್ಲಿದ್ದ ಗಂಟೆಗಳು, ಜಾತಿವಾರು ಮೀನಿನ ಸಂಖ್ಯೆ ಮತ್ತು ತೂಕ, ನೀರಿನ ಮಟ್ಟ. ಹಿನ್ನೀರಿನ ಮೀನುಗಾರರ ಸಹಕಾರ ಸಂಘಗಳಲ್ಲಿ ಎಲ್ಲರೂ ಬರೆಯದಿದ್ದರೂ ನಾಲ್ಕೈದು ದೋಣಿಗಳವರು ವರ್ಷವಿಡೀ ಬರೆದರೆ ಸಾಕು. ಮೀನು ಸಿಗದ ದಿನವನ್ನೂ ಬರೆಯಬೇಕೆಂದು ಒತ್ತಿ ಹೇಳಬೇಕು. ಸಿಕ್ಕ ದಿನವನ್ನಷ್ಟೇ ಬರೆದ ಲೆಕ್ಕ ಯಾವಾಗಲೂ ಸಮೃದ್ಧಿಯನ್ನೇ ತೋರಿಸುತ್ತದೆ.

ತೊರಕೆಯಂತಹ ಮೀನು ಕಡಿಮೆಯಾದದ್ದು ಜಗತ್ತಿಗೆ ತಿಳಿಯುವ ವೇಳೆಗೆ ಬಹಳ ತಡವಾಗಿತ್ತು. ಒಂದು ಸಲಕ್ಕೆ ಕೆಲವೇ ಮರಿ ಹಾಕುವ ಆ ಮೀನಿಗೆ ಚೇತರಿಸಿಕೊಳ್ಳಲು ದೀರ್ಘ ಕಾಲ ಬೇಕು. ನಮ್ಮ ಗೆಂಡೆ ಮೀನುಗಳು ಲಕ್ಷಗಟ್ಟಲೆ ಮೊಟ್ಟೆ ಇಡುತ್ತವೆ, ಎರಡು ಮೂರು ಒಳ್ಳೆಯ ಮುಂಗಾರುಗಳಲ್ಲಿ ಮತ್ತೆ ತುಂಬಿಕೊಳ್ಳುವ ಶಕ್ತಿ ಅವಕ್ಕಿದೆ. ಇಳಿಕೆಯನ್ನು ಸಕಾಲದಲ್ಲಿ ಗುರುತಿಸಿ, ಹೊಸ ನೀರು ಬರುವ ದಿನಗಳಲ್ಲಿ ಹಳ್ಳದ ಬಾಯಿಯನ್ನು ಬಿಟ್ಟುಕೊಟ್ಟರೆ ಈ ಶಕ್ತಿ ಕೆಲಸ ಮಾಡುತ್ತದೆ. ಮೀನು ಮರಿಗಳ ಆಯ್ಕೆ, ಬಿತ್ತನೆ ಪ್ರಮಾಣ ಹಾಗೂ ಹೊಂಡದ ನೀರಿನ ಪರೀಕ್ಷೆಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು.